ಈಜುವವನ ಹೆಗಲು
(ಬಾನುಲಿ ಭಾಷಣ)

ಕನ್ನಡದಲ್ಲಿ ಹೆಗಲು ಬೇರೆ, ಭುಜ ಬೇರೆ, ತೋಳು ಬೇರೆ, ರಟ್ಟೆ ಬೇರೆ. ಹೆಗಲೆಂಬುದು ನೊಗ ಹೊರುವ ತಾಣ. ಮಗುವನ್ನು ಕೂರಿಸಿಕೊಂಡು ತೇರು ತೋರಿಸುವ ತಾಣ. ಕಟ್ಟಕಡೆಯಲ್ಲಿ ನಾಲ್ವರು ಬಂದು ನಮಗೆ ಕೊಡಬೇಕಾದದ್ದೂ ಅದನ್ನೇ. ಭುಜವೆಂದರೆ ಪರಾಕ್ರಮದ ಮಾತು. ಹಳೆಯ ಕಾವ್ಯಗಳ ವೀರರು ಅದನ್ನು ತಟ್ಟಿಕೊಂಡೇ ರಣಕ್ಕೆ ನಡೆಯುತ್ತಾರೆ. ರಟ್ಟೆಯೆಂದರೆ ದುಡಿಮೆ. ಮೂವತ್ತೈದು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ನನಗೆ ಇವೆಲ್ಲ ನಿಘಂಟಿನ ಸಂಗತಿಗಳಾಗಿದ್ದವು. ನನ್ನ ಮೈಯ ಸಂಗತಿಗಳೂ ಹೌದೆಂದು ತಿಳಿದದ್ದು ನಿವೃತ್ತನಾದ ಮೇಲೆ, ಒಂದು ಬೆಳಗ್ಗೆ, ಕಪಾಟಿನ ಮೇಲಿನ ಸಾಲಿನಿಂದ ಪುಸ್ತಕವೊಂದನ್ನು ತೆಗೆಯಲು ಬಲಗೈ ಎತ್ತಿದಾಗ. ಕೈ ಕಿವಿಯ ಮಟ್ಟಕ್ಕೆ ಬಂದಿತು. ಅಲ್ಲಿಂದ ಮುಂದಕ್ಕೆ ಹೋಗಲೊಲ್ಲದೆ ನಿಂತಿತು. ಹೆಗಲಿನೊಳಗೆ ಯಾರೋ ಕಾದ ಸೂಜಿಯನ್ನು ಅಡ್ಡ ಹಿಡಿದಂತಾಯಿತು.

ಇಂದಿನ ಮಾತಿಗೆ ಗೊತ್ತಾದ ವಿಷಯ ಈಜು ಮತ್ತು ಆರೋಗ್ಯ. ಈಜಿನ ಗುಣಗಳನ್ನು ಹಾಡಿ ಹೊಗಳುವವರು ಬೇಕಾದಷ್ಟು ಮಂದಿ ಇದ್ದಾರೆ. ಆ ಕೆಲಸವನ್ನು ಅವರಿಗೇ ಬಿಟ್ಟು, ಈಜಿನಿಂದ ಕೆಡುವ ಒಂದು ಅಂಗದ ವಿಚಾರವನ್ನು ನಾನು ಹೇಳುತ್ತೇನೆ. ನಾನು ವೈದ್ಯನಲ್ಲ. ನೋವುಂಡವನು ಕೇಳಿ, ಓದಿ, ತಿಳಿದುಕೊಂಡದ್ದನ್ನು ಹೇಳುತ್ತಿದ್ದಾನೆ ಎಂದಷ್ಟೇ ಭಾವಿಸಬೇಕು. ಇದು ಎರಡು ಹೆಗಲುಗಳ ಕಥೆ: ಒಂದು ನನ್ನದು, ಇನ್ನೊಂದು ನನ್ನ ಮೊಮ್ಮಗಳದು.

ನಾನು ಈಜು ಕಲಿತದ್ದು ಮಾಗಡಿ ತಾಲ್ಲೂಕಿನ ಒಂದು ಕಲ್ಲು ಕಟ್ಟಡದ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಸೋದರಮಾವ ಮೇಲಿನಿಂದ ತಳ್ಳಿದನು. ಕಲಿಯುವಿಕೆ ಅಷ್ಟರಲ್ಲಿಯೇ ಮುಗಿಯಿತು. ಬಾವಿಯ ಈಜು ಎಂದರೆ ತಲೆಯನ್ನು ನೀರಿನ ಮೇಲೆ ಎತ್ತಿಕೊಂಡು ಕೈ ಬಡಿಯುವುದು. ತಲೆ ಎತ್ತದೆ ಉಪಾಯವಿಲ್ಲ, ಏಕೆಂದರೆ ಮೇಲಿನಿಂದ ಯಾರು ಯಾವಾಗ ಧುಮುಕುವರೋ ತಿಳಿಯದು, ನೀರುಹಾವೂ ಇದ್ದೀತು. ಇಪ್ಪತ್ತು ಇಪ್ಪತ್ತೈದು ಅಡಿ ಹೋದರೆ ಎದುರಿನ ಗೋಡೆ. ಅಲ್ಲಿ ಕಲ್ಲಿನ ಮೆಟ್ಟಿಲು ಹಿಡಿದು ಮೇಲೆ ಹತ್ತಿ, ಮತ್ತೆ ಧುಮುಕುವುದು. ದಿನವಿಡೀ ನೀರಿನಲ್ಲಿದ್ದೆವೆಂದು ನಾವು ಜಂಬ ಕೊಚ್ಚಿಕೊಳ್ಳುತ್ತಿದ್ದರೂ ನಿಜವಾಗಿ ಈಜಿದ ದೂರ ಅತ್ಯಲ್ಪ. ಹತ್ತುವುದು, ಹಾರುವುದು, ನಡುಗುವುದು, ಬಿಸಿಲು ಕಾಯಿಸಿಕೊಳ್ಳುವುದು, ಇವೇ ಹೆಚ್ಚು. ಆ ಕಾಲದಲ್ಲಿ ಹೆಗಲು ನೋವೆಂದು ಯಾವ ಹುಡುಗನೂ ಹೇಳಿದ್ದು ನನಗೆ ನೆನಪಿಲ್ಲ.

ಓದಲು ಬೆಂಗಳೂರಿಗೆ ಬಂದ ಮೇಲೆ ಈಜು ಬಿಟ್ಟುಹೋಯಿತು. ಈ ಊರು ತನ್ನ ನೀರನ್ನು ಬಹಳ ಮುಂಚೆಯೇ ಮುಚ್ಚಲು ತೊಡಗಿದ ಊರು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಗಿತ್ತು, ಸಂಪಂಗಿ ಕೆರೆ ಕ್ರೀಡಾಂಗಣವಾಗಿತ್ತು. ನಮ್ಮ ಪಶ್ಚಿಮ ಭಾಗದಲ್ಲಿ ಕೆಂಗೇರಿಯ ಕಡೆಗೆ ಹರಿಯುವ ವೃಷಭಾವತಿಯಲ್ಲಿ ಕಾಲು ಅದ್ದುವ ಧೈರ್ಯ ಈಗ ಯಾರಿಗಿದೆ? ಹಾಗಾಗಿ ಮತ್ತೆ ನೀರಿಗಿಳಿದದ್ದು 2022ರಲ್ಲಿ. ಮೊಣಕಾಲು ಸವೆದಿದೆ, ಸಕ್ಕರೆ ಏರಿದೆ, ನಡೆಯುವುದಕ್ಕಿಂತ ಈಜುವುದು ಮೇಲು ಎಂದು ವೈದ್ಯರು ಹೇಳಿದರು. ಬಸವೇಶ್ವರನಗರದ ನಮ್ಮ ಮನೆಯಿಂದ ನಡೆದು ಹೋಗುವ ದೂರದಲ್ಲಿ ಒಂದು ಈಜುಕೊಳವಿತ್ತು. ನೀಲಿ ಹಂಚು, ತಳದಲ್ಲಿ ಕಪ್ಪು ಗೆರೆ, ಔಷಧದ ವಾಸನೆ. ಬಾವಿಯ ಹುಡುಗ ಅರವತ್ತು ದಾಟಿದ ಮೇಲೆ ಅಲ್ಲಿ ಪುನಃ ಹುಟ್ಟಿ ಬಂದನು.

ಆ ಕಪ್ಪು ಗೆರೆಯೇ ಮೋಸಗಾತಿ. ಅದು ಒಬ್ಬನನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತದೆ, ಎಣಿಸುವಂತೆ ಮಾಡುತ್ತದೆ. ಒಂದು ತಿಂಗಳೊಳಗೆ ನಾನು ದಿನಕ್ಕೆ 30 ಸುತ್ತು ಹಾಕತೊಡಗಿದೆ. ಲೆಕ್ಕ ನೋಡಿ: 25 ಮೀಟರಿನ ಕೊಳದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ನನಗೆ 24 ಕೈಬೀಸು ಬೇಕು; ಅಂದರೆ ಒಂದೊಂದು ತೋಳಿಗೆ 12. ಮೂವತ್ತು ಸಲ ಹೋದರೆ ಒಂದೊಂದು ತೋಳು 360 ಬಾರಿ ಹೆಗಲಿನ ಗೂಡಿನಲ್ಲಿ ಪೂರ್ತಿ ತಿರುಗಿದಂತಾಯಿತು. ವಾರಕ್ಕೆ ಐದು ದಿನ, ನಾಲ್ಕು ವಾರಕ್ಕೆ 7,200 ಬಾರಿ. ಬಾವಿಯಲ್ಲಿ ನನ್ನ ಬಾಲ್ಯವೆಲ್ಲ ಸೇರಿದರೂ ಅಷ್ಟು ತಿರುಗಿತ್ತೋ ಇಲ್ಲವೋ. ಇದರ ಜೊತೆಗೆ ನನ್ನ ಬಲಹೆಗಲಿಗೆ ಇನ್ನೊಂದು ಪೂರ್ವಾರ್ಜಿತವೂ ಉಂಟು: ಮೂವತ್ತೈದು ವರ್ಷ ಕೈಯನ್ನು ತಲೆಯ ಮಟ್ಟಕ್ಕೆ ಎತ್ತಿ ಕಪ್ಪುಹಲಗೆಯ ಮೇಲೆ ಬರೆದದ್ದು. ಷಟ್ಪದಿಯ ಪ್ರಸ್ತಾರವನ್ನು ಹಲಗೆಯ ತುಂಬ ಹಾಕಿ ತೋರಿಸದ ದಿನ ನನಗೆ ಪಾಠ ಹೇಳಿದ ತೃಪ್ತಿಯೇ ಇರುತ್ತಿರಲಿಲ್ಲ.

ಹೆಗಲಿನ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ತೊಡೆಯ ಕೀಲು ಒರಳಿನಲ್ಲಿ ಕೂತ ಗುಂಡಿನಂತೆ. ಆಳವಾದ ಗುಣಿ, ಅದರೊಳಗೆ ಭದ್ರವಾದ ಮೂಳೆಯ ತಲೆ. ಹೆಗಲಿನ ಕೀಲಾದರೋ ಚಪ್ಪಟೆ ತಟ್ಟೆಯ ಮೇಲೆ ಇಟ್ಟ ನಿಂಬೆಹಣ್ಣು. ಮೂಳೆಯ ಆಸರೆ ಅತಿ ಕಡಿಮೆ. ಅದರಿಂದಲೇ ತೋಳು ದೇಹದ ಬೇರಾವ ಕೀಲೂ ತಿರುಗದಷ್ಟು ಸ್ವತಂತ್ರವಾಗಿ ತಿರುಗುತ್ತದೆ. ಆ ನಿಂಬೆಹಣ್ಣು ಉರುಳಿ ಬೀಳದಂತೆ ಸುತ್ತಲೂ ತಬ್ಬಿ ಹಿಡಿದಿರುವುದು ಹೆಗಲ ಹಲಗೆಯಿಂದ ಹೊರಟ ನಾಲ್ಕು ಸಣ್ಣ ಸ್ನಾಯುಗಳು. ಎದೆಯ ಮತ್ತು ಬೆನ್ನಿನ ದೊಡ್ಡ ಸ್ನಾಯುಗಳು ನೀರನ್ನು ಹಿಂದಕ್ಕೆ ಎಳೆಯುವಾಗ ಹಣ್ಣನ್ನು ತಟ್ಟೆಯ ನಡುವೆಯೇ ಇರಿಸುವ ಹೊಣೆ ಈ ನಾಲ್ಕರದು. ಹೆಗಲ ಹಲಗೆ ತಾನೂ ಪಕ್ಕೆಲುಬುಗಳ ಮೇಲೆ ಜಾರುತ್ತ, ತೋಳು ಏರಿದಂತೆಲ್ಲ ತಟ್ಟೆಯನ್ನು ಅದರ ಕೆಳಗೆ ಹೊಂದಿಸಿಕೊಡಬೇಕು. ದಣಿವಾದಾಗ ಮೊದಲು ಸೋಲುವುದು ಈ ಸಣ್ಣವರೇ. ಆಗ ದೊಡ್ಡವರು ಹಣ್ಣನ್ನು ಮೇಲಕ್ಕೂ ಮುಂದಕ್ಕೂ ಜಗ್ಗುತ್ತಾರೆ. ಮೇಲೆ ಮೂಳೆಯ ಚಾವಣಿ, ನಡುವಿನ ಕಿರುಜಾಗದಲ್ಲಿ ಸ್ನಾಯುರಜ್ಜು ಸಿಕ್ಕಿ ನಲುಗುತ್ತದೆ.

ಇದನ್ನು ಹೀಗೆ ವಿವರಿಸಿದವರಲ್ಲಿ ಮುಖ್ಯನಾದವನು ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ನೀರ್, 1972ರಲ್ಲಿ. ಈಜುಗಾರರ ಬೇನೆಯ ಚರಿತ್ರೆಯ ಮೊದಲ ಪುಟದಲ್ಲಿಯೇ ನೀರ್ ಎಂಬ ಹೆಸರಿರುವುದನ್ನು ಕಂಡು ಹಳಗನ್ನಡ ಪಾಠ ಹೇಳಿದವನು ನಗದೆ ಇರಲಾದೀತೆ? ಎರಡು ವರ್ಷದ ಬಳಿಕ, 1974ರಲ್ಲಿ, ಕೆನಡಾದ ಕೆನಡಿ ಮತ್ತು ಹಾಕಿನ್ಸ್ ಎಂಬ ವೈದ್ಯರು ಈ ನೋವಿಗೆ ‘ಈಜುಗಾರನ ಹೆಗಲು’ ಎಂದೇ ಹೆಸರಿಟ್ಟರು. ಬಾವಿಕಟ್ಟೆಯ ಕಲ್ಲಿಗೆ ಉಜ್ಜಿ ಹಗ್ಗದ ಎಳೆ ಬಿಚ್ಚಿಕೊಳ್ಳುವಂತೆ ಚಾವಣಿಯ ಮೂಳೆಗೆ ಉಜ್ಜಿ ರಜ್ಜು ಸವೆಯುತ್ತದೆ ಎಂಬುದು ಬಹುಕಾಲ ನಡೆದುಬಂದ ವಿವರಣೆ. ಉಪಮೆ ಚೆನ್ನಾಗಿದೆ, ಆದರೆ ಅರ್ಧಸತ್ಯ. ಹಗ್ಗಕ್ಕೆ ಜೀವವಿಲ್ಲ, ರಜ್ಜುವಿಗೆ ಇದೆ. ದುಡಿಸಿ, ಬಿಡುವು ಕೊಟ್ಟರೆ ಅದು ತನ್ನನ್ನು ತಾನೇ ನೇಯ್ದುಕೊಂಡು ಬಲವಾಗುತ್ತದೆ. ಬಿಡುವು ಕೊಡದೆ ದುಡಿಸಿದರೆ ನೇಯ್ಗೆಗಿಂತ ಹರಿಯುವುದೇ ಮುಂದಾಗುತ್ತದೆ. 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನ 13ರಿಂದ 25 ವಯಸ್ಸಿನ 80 ಮಂದಿ ಮೇಲ್ಮಟ್ಟದ ಈಜುಗಾರರನ್ನು ಪರೀಕ್ಷಿಸಿತು. ನೂರಕ್ಕೆ 91 ಮಂದಿಗೆ ಹೆಗಲು ನೋವಿತ್ತು, ಎಂ.ಆರ್.ಐ. ಚಿತ್ರ ತೆಗೆದ 52 ಮಂದಿಯಲ್ಲಿ 36 ಮಂದಿಗೆ ಮೇಲಿನ ರಜ್ಜು ಕೆಟ್ಟಿತ್ತು. ಯಾರು ಹೆಚ್ಚು ಗಂಟೆ, ಹೆಚ್ಚು ದೂರ ಈಜುತ್ತಿದ್ದರೋ ಅವರಲ್ಲಿಯೇ ಕೇಡು ಹೆಚ್ಚು. ತಪ್ಪು ಬರಿಯ ಮೂಳೆಯದಲ್ಲ, ಲೆಕ್ಕದ್ದು.

ಲೆಕ್ಕ ಒಂದಾದರೆ ರೀತಿ ಇನ್ನೊಂದು. ಕೊಳದಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ ಒಬ್ಬ ತರುಣಿ ನನ್ನ ಈಜನ್ನು ದಡದಿಂದ ನೋಡಿ, “ಸಾರ್, ನೀವು ಈಜುತ್ತಿಲ್ಲ, ನೀರಿಗೆ ಕೈಮುಗಿಯುತ್ತಿದ್ದೀರಿ” ಎಂದಳು. ನನ್ನ ಕೈ ತಲೆಯ ಮುಂದೆ ನಡುಗೆರೆಯನ್ನು ದಾಟಿ ಇನ್ನೊಂದು ಬದಿಗೆ ಬೀಳುತ್ತಿತ್ತು. ಹಾಗೆ ದಾಟಿದರೆ ಹೆಗಲಿನ ಕಿರುಜಾಗ ಇನ್ನಷ್ಟು ಇರುಕಾಗುತ್ತದೆ. ಕೈ ತನ್ನ ತನ್ನ ಹೆಗಲಿನ ನೇರಕ್ಕೆ ನೀರನ್ನು ಹೊಗಬೇಕು. ಹೆಬ್ಬೆರಳು ಮುಂದಾಗಿ ಹೊಗುವುದೂ ತಪ್ಪೇ. ಅದರಿಂದ ತೋಳು ಒಳಮುಖವಾಗಿ ತಿರುಚಿಕೊಳ್ಳುತ್ತದೆ. ನಡುಬೆರಳು ಮೊದಲು ಮುಟ್ಟಬೇಕು. ಮೂರನೆಯದು, ನಾನು ಹಲಗೆಯಂತೆ ಚಪ್ಪಟೆಯಾಗಿ ಮಲಗಿ ತೋಳನ್ನು ಮಾತ್ರ ಬೀಸುತ್ತಿದ್ದೆ. ಮೈ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ದೋಣಿಯಂತೆ ಹೊರಳಿದರೆ ತೋಳು ತಾನೇ ಮೇಲೇಳುತ್ತದೆ, ಹೆಗಲಿನ ಮೇಲೆ ಭಾರ ಬೀಳದು. ಉಸಿರನ್ನು ಒಂದೇ ಬದಿಗೆ ತೆಗೆದುಕೊಳ್ಳುವವರ ಮೈ ಒಂದೇ ಬದಿಗೆ ಹೊರಳುತ್ತದೆ. ಎರಡೂ ಕಡೆ ಉಸಿರಾಡುವುದನ್ನು ರೂಢಿಸಿಕೊಳ್ಳಬೇಕು. ಇನ್ನು ಬಾವಿಯ ಉಡುಗೊರೆ: ಎತ್ತಿದ ತಲೆ. ತಲೆ ಮೇಲೆದ್ದರೆ ಕಾಲು ಮುಳುಗುತ್ತದೆ. ಮುಳುಗಿದ ಕಾಲನ್ನು ಎತ್ತಲು ತೋಳು ನೀರನ್ನು ಕೆಳಕ್ಕೆ ಒತ್ತಬೇಕಾಗುತ್ತದೆ. ಅರವತ್ತು ವರ್ಷ ಜೋಪಾನ ಮಾಡಿದ ಅಭ್ಯಾಸವನ್ನು ಬಿಡುವುದು ಸುಲಭವಾಗಲಿಲ್ಲ. ಕಣ್ಣನ್ನು ಕೊಳದ ತಳಕ್ಕೆ ನೆಟ್ಟಾಗಲೆಲ್ಲ ಮೇಲಿನಿಂದ ಮಾವ ಧುಮುಕಿಬಿಡುವನೆಂಬ ಭಯ ಇಂದಿಗೂ ಇದೆ.

ರನ್ನನ ದುರ್ಯೋಧನನೇ ಜಾಣನೆಂದು ಆಗಾಗ ಅನಿಸುವುದುಂಟು. ವೈಶಂಪಾಯನ ಸರೋವರದಲ್ಲಿ ಮಂತ್ರಬಲದಿಂದ ಸುಮ್ಮನೆ ಮುಳುಗಿ ಕೂತನೇ ಹೊರತು ಕೈ ಬೀಸಲಿಲ್ಲ. ಅವನಿಗೆ ಮುರಿದದ್ದು ತೊಡೆ. ಹೆಗಲು ಕಡೆಯವರೆಗೂ ಸರಿಯಾಗಿಯೇ ಇತ್ತು.

ನೋವು ಬಂದ ಮೇಲೆ ನಾನು ಮಾಡಿದ್ದು ಮೂರು ತಪ್ಪುಗಳು. ಈಜಿದರೆ ಸಡಿಲವಾದೀತೆಂದು ಗುಳಿಗೆ ನುಂಗಿ ಈಜಿದೆ. ಗುಳಿಗೆ ನೋವನ್ನು ಮರೆಸಿತು. ನೋವು ಹೇಳಬೇಕಾದ ಮಾತನ್ನೂ ಮರೆಸಿತು. ಆಮೇಲೆ ಎಣ್ಣೆ ತಿಕ್ಕುವ ಒಬ್ಬನಿಂದ ತೋಳನ್ನು ಜಗ್ಗಿಸಿಕೊಂಡೆ. ಆ ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಹೆದರಿ ಕೈಯನ್ನು ಎದೆಗೆ ಅವಚಿಕೊಂಡು ಮೂರು ವಾರ ಆಡಿಸದೆಯೇ ಇಟ್ಟೆ. ಮೂರರಲ್ಲಿ ಇದೇ ಅತಿ ಅಪಾಯದ್ದೆಂದು ಬಳಿಕ ತಿಳಿಯಿತು. ಸಕ್ಕರೆ ಕಾಯಿಲೆ ಉಳ್ಳವರಲ್ಲಿ ಹೆಗಲು ಬಿಗಿದು ಗಟ್ಟಿಯಾಗುವುದು ಉಳಿದವರಿಗಿಂತ ಹೆಚ್ಚು. ಬಿಗಿದುಕೊಂಡರೆ ಸಡಿಲವಾಗಲು ವರ್ಷಗಳೇ ಹಿಡಿಯಬಹುದು. ಐಸ್ ಇಟ್ಟು ಪೂರ್ತಿ ವಿಶ್ರಾಂತಿ ಕೊಡಬೇಕೆಂಬ ಸೂತ್ರವನ್ನು 1978ರಲ್ಲಿ ‘ರೈಸ್’ ಎಂಬ ನಾಲ್ಕಕ್ಷರದಲ್ಲಿ ಹೆಣೆದು ಲೋಕಕ್ಕೆಲ್ಲ ಹಂಚಿದ ಗೇಬ್ ಮಿರ್ಕಿನ್ ಎಂಬ ವೈದ್ಯನೇ 2014ರಲ್ಲಿ ಮನಸ್ಸು ಬದಲಿಸಿ, ಐಸು ಮತ್ತು ಪೂರ್ಣ ವಿಶ್ರಾಂತಿ ಗುಣವಾಗುವುದನ್ನು ತಡಮಾಡಬಹುದೆಂದು ಬರೆದನು. ತಾನು ಹಾಡಿದ ಪಲ್ಲವಿಯನ್ನು ತಾನೇ ತಿದ್ದಿಕೊಳ್ಳುವವರು ನಮ್ಮ ಸಾಹಿತ್ಯ ಲೋಕದಲ್ಲಿ ಕಡಿಮೆ. ನೋವಿನ ಉಪಶಮನಕ್ಕೆ ಸ್ವಲ್ಪ ಹೊತ್ತು ಐಸು ಇಡುವುದರಲ್ಲಿ ತಪ್ಪಿಲ್ಲ. ಅದೇ ಚಿಕಿತ್ಸೆಯೆಂದು ತಿಳಿಯಬಾರದು, ಅಷ್ಟೆ.

ರಾಜಾಜಿನಗರದ ಒಬ್ಬ ಮೂಳೆವೈದ್ಯರು ನನ್ನ ತೋಳನ್ನು ಮುಟ್ಟುವ ಮೊದಲು ಕುತ್ತಿಗೆಯನ್ನು ತಿರುಗಿಸಿ ನೋಡಿದರು. ಎದೆಯ ವಿಚಾರ ಕೇಳಿದರು. ಹೆಗಲಿನಲ್ಲಿ ಕಾಣಿಸಿಕೊಂಡ ನೋವೆಲ್ಲ ಹೆಗಲಿನದಲ್ಲ. ಕುತ್ತಿಗೆಯ ನರ ಒತ್ತಿದರೆ ನೋವು ಹೆಗಲಿಗಿಳಿಯುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಬೆಂಗಳೂರಿನಲ್ಲಿ ತರಬೇತಿ ಪಡೆದ ಕೇರಳದ ಸಜನ್ ಪ್ರಕಾಶ್ 2019ರಲ್ಲಿ ಕುತ್ತಿಗೆಯ ಡಿಸ್ಕ್ ಜಾರಿ ಕಷ್ಟಪಟ್ಟು, ಚೇತರಿಸಿಕೊಂಡು, 2021ರ ಜೂನಿನಲ್ಲಿ ರೋಮಿನಲ್ಲಿ 200 ಮೀಟರ್ ಚಿಟ್ಟೆ ಈಜನ್ನು 1 ನಿಮಿಷ 56.38 ಸೆಕೆಂಡಿನಲ್ಲಿ ಮುಗಿಸಿ, ಒಲಿಂಪಿಕ್ಸಿಗೆ ನೇರ ಅರ್ಹತೆ ಪಡೆದ ಮೊದಲ ಭಾರತೀಯ ಈಜುಗಾರನಾದನು. ಇನ್ನು ನಮ್ಮ ವಯಸ್ಸಿನವರಿಗೆ ಎಡಹೆಗಲು, ಎಡತೋಳು ನೋಯುತ್ತ ಜೊತೆಗೆ ಎದೆ ಬಿಗಿದರೆ, ಬೆವರಿದರೆ, ಅದು ಈಜಿನ ನೋವೆಂದು ಕೂರದೆ ಆಸ್ಪತ್ರೆಗೆ ಓಡಬೇಕು. ಕೊಳದ ಅಂಚಿನಲ್ಲಿ ಜಾರಿ ಬಿದ್ದ ಮೇಲೆ ತೋಳನ್ನು ಎತ್ತಲು ಶಕ್ತಿಯೇ ಇಲ್ಲವಾದರೆ, ಕೀಲು ಸರಿದಂತೆ ಕಂಡರೆ, ಅಂದೇ ತೋರಿಸಬೇಕು. ರಾತ್ರಿ ನಿದ್ದೆಗೆಡಿಸುವ ನೋವು ವಾರಗಟ್ಟಲೆ ಇದ್ದರೂ ತಡಮಾಡಬಾರದು.

ನನ್ನ ಚಿತ್ರದಲ್ಲಿ ರಜ್ಜು ಸ್ವಲ್ಪ ಹರಿದಿದೆ ಎಂದು ಬರೆದಿತ್ತು. ಅದನ್ನು ಓದಿ ನನ್ನ ಮುಖ ಬಾಡಿದ್ದನ್ನು ಕಂಡ ವೈದ್ಯರು, “ಅರವತ್ತು ದಾಟಿದವರನ್ನು ಬೀದಿಯಲ್ಲಿ ನಿಲ್ಲಿಸಿ ಚಿತ್ರ ತೆಗೆದರೆ ನೋವೇ ಇಲ್ಲದ ಎಷ್ಟೋ ಮಂದಿಯಲ್ಲಿ ಇದು ಕಾಣುತ್ತದೆ, ಮೇಷ್ಟರೇ, ನಾನು ಚಿತ್ರಕ್ಕೆ ಔಷಧ ಕೊಡುವುದಿಲ್ಲ” ಎಂದರು. ಮೂಳೆಯ ಚಾವಣಿಯನ್ನು ಕೆತ್ತಿ ಜಾಗ ಮಾಡುವ ಶಸ್ತ್ರಕ್ರಿಯೆ ಒಂದು ಕಾಲದಲ್ಲಿ ಬಹು ರೂಢಿಯಲ್ಲಿತ್ತು. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಪರೀಕ್ಷೆಯೊಂದು ಕೆಲವರಿಗೆ ನಿಜವಾಗಿ ಕೆತ್ತಿ, ಕೆಲವರಿಗೆ ಕೊಳವೆ ತೂರಿಸಿ ನೋಡಿ ಏನನ್ನೂ ಕೆತ್ತದೆ ಮುಚ್ಚಿ, ಫಲವನ್ನು ಹೋಲಿಸಿತು. ಇಬ್ಬರ ನೋವೂ ಸುಮಾರಾಗಿ ಒಂದೇ ಸಮನಾಗಿ ಇಳಿದಿತ್ತು. ಬಿದ್ದು ಪೂರ್ತಿ ಹರಿದವರ ಮಾತು ಬೇರೆ. ನನ್ನಂಥವರಿಗೆ ವ್ಯಾಯಾಮವೇ ಮೊದಲು.

ವ್ಯಾಯಾಮವೆಂದರೆ ದೊಡ್ಡ ಸಾಹಸವಲ್ಲ. ಒಂದು ರಬ್ಬರು ಪಟ್ಟಿಯನ್ನು ಬಾಗಿಲ ಹಿಡಿಗೆ ಕಟ್ಟಿ, ಮೊಣಕೈಯನ್ನು ಮಡಿಸಿ ಪಕ್ಕೆಗೆ ಒತ್ತಿ, ನಡುವೆ ಸುತ್ತಿದ ಟವೆಲನ್ನು ಸಿಕ್ಕಿಸಿಕೊಂಡು, ಮುಂಗೈಯನ್ನು ನಿಧಾನವಾಗಿ ಹೊರಕ್ಕೆ ತಿರುಗಿಸುವುದು. ಬಂದದ್ದಕ್ಕಿಂತ ನಿಧಾನವಾಗಿ ಹಿಂದಕ್ಕೆ ಬಿಡುವುದು. ಅದೇ ಪಟ್ಟಿಯನ್ನು ಎರಡು ಕೈಯಲ್ಲೂ ಎಳೆದು ಹೆಗಲ ಹಲಗೆಗಳನ್ನು ಬೆನ್ನಿನಲ್ಲಿ ಹತ್ತಿರ ತರುವುದು. ಗೋಡೆಗೆ ಕೈಯೂರಿ ದಂಡ ಹೊಡೆದು, ಕೊನೆಯಲ್ಲಿ ಇನ್ನೊಂದಿಷ್ಟು ನೂಕಿ ಬೆನ್ನಿನ ಮೇಲ್ಭಾಗವನ್ನು ದುಂಡಗೆ ಮಾಡುವುದು. ಒಂದೊಂದನ್ನು 15 ಸಲ, ಮೂರು ಆವೃತ್ತಿ, ದಿನ ಬಿಟ್ಟು ದಿನ. ಮಾಡುವಾಗ ಅಲ್ಪಸ್ವಲ್ಪ ನೋವಾದರೆ ಚಿಂತೆಯಿಲ್ಲ. ಮರುದಿನ ಬೆಳಗ್ಗೆಗೆ ಅದು ಇಳಿದಿರಬೇಕು. ಇಳಿಯದಿದ್ದರೆ ಹೆಚ್ಚಾಯಿತೆಂದು ಅರ್ಥ. ನನಗೆ ಮೂರು ತಿಂಗಳು ಹಿಡಿಯಿತು. ಮೊದಲ ಐದು ವಾರ ಏನೂ ಆಗುತ್ತಿಲ್ಲವೆಂದೇ ತೋರಿತು. ಆಗಲೇ ಬಹಳ ಮಂದಿ ಬಿಟ್ಟುಬಿಡುತ್ತಾರಂತೆ. ಮೆಟ್ರೋದಲ್ಲಿ ಮೇಲಿನ ಹಿಡಿಯನ್ನು ಎಡಗೈಯಲ್ಲಿ ಹಿಡಿಯುವುದನ್ನು ಆಗ ಕಲಿತವನು ಇನ್ನೂ ಹಾಗೆಯೇ ಹಿಡಿಯುತ್ತೇನೆ.

ಈಗ ಮೊಮ್ಮಗಳ ಮಾತು. ಅವಳಿಗೆ 13 ವರ್ಷ. ಕೆಂಗೇರಿಯ ಕಡೆ ಮಗಳ ಮನೆ. ಬೆಳಗ್ಗೆ ಐದೂವರೆಗೆ ಒಂದು ಸಲ, ಸಂಜೆ ಒಂದು ಸಲ, ಒಟ್ಟು ನಾಲ್ಕೈದು ಸಾವಿರ ಮೀಟರು. ಬೆಂಗಳೂರಿನ ಹುಡುಗಿಯರಿಗೆ ಎದುರಿಗೆ ದೊಡ್ಡ ಹೆಸರುಗಳಿವೆ: 2000ದಲ್ಲಿ ಸಿಡ್ನಿಗೆ ಹೋದ ನಿಶಾ ಮಿಲೆಟ್, 2024ರಲ್ಲಿ ಹದಿನಾಲ್ಕನೆಯ ವಯಸ್ಸಿಗೇ ಪ್ಯಾರಿಸ್ಸಿಗೆ ಹೋದ ಧಿನಿಧಿ ದೇಸಿಂಗು, ಇಬ್ಬರೂ ಈಜಿದ್ದು 200 ಮೀಟರ್ ಫ್ರೀಸ್ಟೈಲ್. ಮನೆಯಲ್ಲಿ ಗೋಡೆಗೆ ಅವರ ಚಿತ್ರಗಳಿವೆ. ಆ ಬೇಸಗೆ ರಜೆಯಲ್ಲಿ ನಮ್ಮ ಮನೆಗೆ ಬಂದವಳು ಪ್ರತಿದಿನ ಅಜ್ಜಿಯ ಮುಂದೆ ಬಾಚಣಿಗೆ ಹಿಡಿದು ಕೂತು ಜಡೆ ಹಾಕಿಸಿಕೊಳ್ಳುತ್ತಿದ್ದಳು. ಬೆಳೆದ ಹುಡುಗಿ ಇನ್ನೂ ತನ್ನನ್ನು ಬಿಟ್ಟಿಲ್ಲವೆಂದು ನನ್ನ ಹೆಂಡತಿಗೆ ಹಿಗ್ಗು. ಒಂದು ದಿನ ಅವಳು ಅಂಗಿ ತೊಡುವಾಗ ಮೊದಲು ಬಲತೋಳನ್ನು ಎಡಗೈಯಿಂದ ಎತ್ತಿ ತೋಳಿನೊಳಗೆ ತೂರಿಸಿಕೊಂಡದ್ದನ್ನು ನಾನು ಕಂಡೆ. ನಾನೂ ಹಾಗೆಯೇ ತೊಡುತ್ತಿದ್ದವನು. ಕೇಳಿದೆ. ಮೊದಲು ಇಲ್ಲವೆಂದಳು, ಆಮೇಲೆ ಅತ್ತಳು. ಎರಡು ತಿಂಗಳಿಂದ ನೋವಿತ್ತು. ಹೇಳಿದರೆ ಪಂದ್ಯದ ಪಟ್ಟಿಯಿಂದ ಹೆಸರು ಹೋಗುತ್ತದೆಂದು ತಾಯಿಗೂ ಹೇಳಿರಲಿಲ್ಲ. ಜಡೆ ಹೆಣೆಯಲು ಕೈ ಹಿಂದಕ್ಕೆ ಹೋಗುತ್ತಿರಲಿಲ್ಲ.

ಅವಳ ಅಭ್ಯಾಸದ ವಿವರ ಕೇಳುತ್ತ ಹೋದಂತೆ ಎಲ್ಲವೂ ತಿಳಿಯಿತು. ಪಂದ್ಯ ಹತ್ತಿರವಾಯಿತೆಂದು ಎರಡೇ ವಾರದಲ್ಲಿ ದೂರವನ್ನು ಒಂದೂವರೆ ಪಟ್ಟು ಮಾಡಿದ್ದರು. ಅದರ ಮೇಲೆ ನೀರನ್ನು ಹೆಚ್ಚು ಹಿಡಿಯಲೆಂದು ಅಂಗೈಗೆ ಪ್ಲಾಸ್ಟಿಕ್ಕಿನ ಹುಟ್ಟು ಕಟ್ಟಿದ್ದರು. ಕಾಲಿನ ಅಭ್ಯಾಸಕ್ಕೆ ಕೊಡುವ ತೇಲುಹಲಗೆಯನ್ನು ಕೈ ಪೂರ್ತಿ ಚಾಚಿ ಹಿಡಿಯುತ್ತಿದ್ದಳು. ನೊಂದ ಹೆಗಲಿಗೆ ಅದೂ ಶಿಕ್ಷೆಯೇ. ನೀರಿಗಿಳಿಯುವ ಮುನ್ನ ಒಬ್ಬರ ತೋಳುಗಳನ್ನು ಇನ್ನೊಬ್ಬರು ಬೆನ್ನ ಹಿಂದಕ್ಕೆ ಜಗ್ಗುವ ಆಟವೂ ಇತ್ತು. ಈಜುವ ಮಕ್ಕಳ ಹೆಗಲು ಮೊದಲೇ ಸಡಿಲ. ಅದನ್ನು ಮತ್ತೂ ಜಗ್ಗುವುದೆಂದರೆ ತಟ್ಟೆಯ ಮೇಲಿನ ನಿಂಬೆಹಣ್ಣನ್ನು ಬೇಕೆಂದೇ ಉರುಳಿಸುವುದು. ಮಕ್ಕಳಿಗೆ ಬೇಕಾದದ್ದು ಸ್ನಾಯುಗಳ ಬಲ, ಇನ್ನಷ್ಟು ಬಳುಕಲ್ಲ.

ತರಬೇತುದಾರರನ್ನು ಕಾಣಲು ನಾನೇ ಹೋದೆ. ಕೆಟ್ಟ ಮನುಷ್ಯರಲ್ಲ. ಮಕ್ಕಳ ಮೇಲೆ ಪ್ರೀತಿಯುಳ್ಳವರು, ಸಮಯದ ಗಡಿಯಾರ ಕೊರಳಲ್ಲಿ ತೂಗಿದ್ದವರು. “ಈಜುಗಾರರಿಗೆ ಹೆಗಲು ನೋಯುವುದು ಸಹಜ, ಸಾರ್, ಇನ್ನು ಮೂರು ವಾರ ತಡೆದುಕೊಂಡರೆ ಪಂದ್ಯ ಮುಗಿಯುತ್ತದೆ” ಎಂದರು. ಅಷ್ಟು ಮಂದಿಗೆ ಬರುತ್ತದೆ ಎಂಬುದು ನಿಜ. ಎಲ್ಲರಿಗೂ ಬರುವುದೆಲ್ಲ ಸಹಜವಾದೀತೆ? ದಣಿದ ಸ್ನಾಯುವಿನ ನೋವು ಒಂದೆರಡು ದಿನದಲ್ಲಿ ಇಳಿಯುತ್ತದೆ, ಎರಡೂ ಕಡೆ ಇರುತ್ತದೆ. ಒಂದೇ ಹೆಗಲಿನ ಒಂದೇ ಬಿಂದುವಿನಲ್ಲಿ ನಿಂತು, ಕೈಬೀಸಿನ ರೀತಿಯನ್ನೇ ಬದಲಿಸುವ ನೋವು ದಣಿವಲ್ಲ. ಇದನ್ನು ಅವರಿಗೆ ಹೇಳುವಾಗ ನನ್ನ ದನಿ ತರಗತಿಯ ದನಿಯಾಯಿತೆಂದು ಕಾಣುತ್ತದೆ; ಅವರು ಸ್ವಲ್ಪ ಮುನಿದರು. ಮಗಳಿಗೂ ನನಗೂ ಆ ರಾತ್ರಿ ಮಾತು ಬೆಳೆಯಿತು. ಒಂದು ಪಂದ್ಯ ತಪ್ಪಿದರೆ ಒಂದು ವರ್ಷವೇ ಹೋದಂತೆ ಎಂಬುದು ಅವಳ ವಾದ. ಅದರಲ್ಲಿಯೂ ಸುಳ್ಳಿರಲಿಲ್ಲ. ಕಡೆಗೆ ತೀರ್ಮಾನ ಮಾಡಿದ್ದು ನಾನಲ್ಲ, ವೈದ್ಯರೂ ಅಲ್ಲ. ಹುಡುಗಿ ತಾನೇ, ತನಗೆ ಕೈ ಎತ್ತಲು ಆಗುತ್ತಿಲ್ಲ ಎಂದಳು.

ಪಂದ್ಯ ತಪ್ಪಿತು. ನೀರನ್ನು ಬಿಡಿಸಲಿಲ್ಲ; ಬಿಡಿಸಬೇಕಾಗಿಯೂ ಇರಲಿಲ್ಲ. ಆರು ವಾರ ಕೈಗಳನ್ನು ಪಕ್ಕಕ್ಕೆ ಇಟ್ಟುಕೊಂಡು ಕಾಲಿನಿಂದ ಮಾತ್ರ ಈಜಿದಳು. ಮನೆಯಲ್ಲಿ ನನ್ನ ಜೊತೆಗೆ ರಬ್ಬರು ಪಟ್ಟಿ ಎಳೆದಳು. ಅವಳ ಪಟ್ಟಿ ಹಳದಿ, ನನ್ನದು ಕೆಂಪು. ಯಾರದು ಹೆಚ್ಚು ಬಿಗಿ ಎಂದು ಜಗಳ. ಬಳಿಕ ತೋಳಿನ ಈಜು 500 ಮೀಟರಿನಿಂದ ಆರಂಭವಾಗಿ, ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿತು. ನೋವು ಬಂದ ವಾರ ಏರಲಿಲ್ಲ. ಭಾನುವಾರ ನೀರಿಲ್ಲ. ಅಂಗೈಯ ಹುಟ್ಟುಗಳನ್ನು ತರಬೇತುದಾರರೇ ತೆಗೆದಿಟ್ಟರು. ಈಗ ಅವರು ವಾರಕ್ಕೊಮ್ಮೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೈಗಳನ್ನು ಮೇಲೆತ್ತಿಸಿ ನೋಡುತ್ತಾರಂತೆ. ನನ್ನ ಮೇಲಿನ ಮುನಿಸು ಮಾತ್ರ ಹೋಗಿಲ್ಲ.

ಅವಳ ವೇಗ ಹಿಂದಿನ ಮಟ್ಟಕ್ಕೆ ಇನ್ನೂ ಎರಡು ಸೆಕೆಂಡು ಕಡಿಮೆ. ಗೋಡೆಯ ಚಿತ್ರಗಳು ಅಲ್ಲಿಯೇ ಇವೆ. ನಾನು ದಿನ ಬಿಟ್ಟು ದಿನ 16 ಸುತ್ತು ಹಾಕುತ್ತೇನೆ, ನಡುನಡುವೆ ಬೆನ್ನ ಮೇಲೆ ತಿರುಗಿ ಕಾಲಾಡಿಸುತ್ತೇನೆ, ಮೇಲಿನ ಸಾಲಿನ ಪುಸ್ತಕಗಳನ್ನು ಏಣಿ ಇಲ್ಲದೆ ತೆಗೆಯುತ್ತೇನೆ. ಕಳೆದ ದಸರಾ ರಜೆಗೆ ಬಂದಾಗ ಅವಳು ಕನ್ನಡಿಯ ಮುಂದೆ ನಿಂತು ತನ್ನ ಜಡೆಯನ್ನು ತಾನೇ ಹೆಣೆದುಕೊಂಡಳು. ಅಜ್ಜಿ ಬಾಚಣಿಗೆ ಹಿಡಿದು ಸ್ವಲ್ಪ ಹೊತ್ತು ಕಾದು, ಅದನ್ನು ಕಪಾಟಿನಲ್ಲಿಟ್ಟು ಒಳಕ್ಕೆ ಹೋದಳು.